ಲಾವಂಚಕ್ಕೆ ಕಟ್ಟಿದ ಲಾಡಿ

ಆ ಕಟ್ಟಡದ ನಲ್ಲಿಗಳಲ್ಲಿ ನೀರು ಬರುವುದೇ ಒಂದು ಸುದ್ದಿ. ಹಾಗಿರುವಾಗ ಒಂದು ಬೆಳಿಗ್ಗೆ ನೀರಿನ ಜೊತೆಗೆ ಪರಿಮಳವೂ ಬಂದರೆ ಅದನ್ನು ಅನುಮಾನಿಸದೆ ಬಿಡುವಷ್ಟು ಮುಗ್ಧರು ಅಲ್ಲಿ ಯಾರೂ ವಾಸವಾಗಿರಲಿಲ್ಲ.

ಮೊದಲು ಪತ್ತೆಹಚ್ಚಿದವರು ನೆಲಮಹಡಿಯಲ್ಲಿದ್ದ ಮಾಲೀಕರು. ಬಾಯಿ ಮುಕ್ಕಳಿಸಲೆಂದು ತುಂಬಿಕೊಂಡ ನೀರನ್ನು ಉಗುಳಲೂ ಧೈರ್ಯವಾಗದೆ, ನುಂಗಲೂ ಮನಸ್ಸಾಗದೆ, ಎರಡೂ ಕೆನ್ನೆ ಉಬ್ಬಿಸಿಕೊಂಡು ಅಂಗಳಕ್ಕೆ ಬಂದು ಕೈಸನ್ನೆಯಲ್ಲೇ ಸಭೆ ಕರೆದರು. ಮೆಟ್ಟಿಲ ಮೇಲೆ, ಮೊಗಸಾಲೆಯಲ್ಲಿ, ಕಟಕಟೆಗೆ ಒರಗಿ ಜನ ಸೇರಿದರು. ಎಲ್ಲರ ಕೈಯಲ್ಲೂ ಒಂದೊಂದು ಲೋಟ. ಹೊಸ ಮಡಕೆಯ ವಾಸನೆ ಎಂದರು ಒಬ್ಬರು. ಒದ್ದೆ ಮಣ್ಣಿನ ವಾಸನೆ ಎಂದರು ಇನ್ನೊಬ್ಬರು. ಇಲಿಪಾಷಾಣ ಮಾಡುವವರು ಇತ್ತೀಚೆಗೆ ಅದಕ್ಕೆ ಸುಗಂಧ ಬೆರೆಸುತ್ತಾರಂತೆ ಎಂಬ ಮಾತೂ ಬಂತು. ಅದನ್ನು ಆಡಿದವರು ಎರಡನೆಯ ಮಹಡಿಯ ಬ್ಯಾಂಕಿನ ಗುಮಾಸ್ತರು. ಆಡಿದ ಮೇಲೆ ತಮ್ಮ ಲೋಟದಲ್ಲಿ ಉಳಿದಿದ್ದ ನೀರನ್ನು ಅವರು ಕುಡಿದುಬಿಟ್ಟದ್ದನ್ನು ಹಲವರು ಗಮನಿಸಿ, ಆ ಕಾರಣಕ್ಕೆ ಅವರನ್ನೇ ಅನುಮಾನಿಸಿದರು.

ಮಾಲೀಕರು ಕೊನೆಗೂ ಗಿಡದ ಬುಡಕ್ಕೆ ಉಗುಳಿ, ಗಿಡವನ್ನು ಸ್ವಲ್ಪ ಹೊತ್ತು ಪರೀಕ್ಷಿಸಿ, ಅದು ಸಾಯದ್ದನ್ನು ಕಂಡು ಬೇಸರದಿಂದಲೇ ಮಾತು ತೆಗೆದರು. ಮೇಲಿನ ಟ್ಯಾಂಕಿಗೆ ಯಾರೋ ಏನನ್ನೋ ಹಾಕಿದ್ದಾರೆ. ಹಾಕಿದವರು ಈ ಗುಂಪಿನಲ್ಲೇ ಇದ್ದಾರೆ. ತಾರಸಿಯ ಬಾಗಿಲಿಗೆ ಈಗಿಂದೀಗಲೇ ಬೀಗ. ಆಸಾಮಿ ಸಿಕ್ಕ ದಿನವೇ ಮನೆ ಖಾಲಿ. ಇನ್ನು ಹಿಡಿಯುವ ಕೆಲಸಕ್ಕೆ ಯಾರು ಎಂಬ ಪ್ರಶ್ನೆ ಏಳುವ ಮೊದಲೇ ಎಲ್ಲರ ಕಣ್ಣುಗಳೂ ಮೊದಲ ಮಹಡಿಯ ಕಡೆ ತಿರುಗಿದವು.

ಅಲ್ಲಿ ಚೆಕಿಂಗ್ ಸಾಹೇಬರು ನಿಂತಿದ್ದರು. ಬಸ್ಸು ಹತ್ತಿ ಟಿಕೆಟ್ ತಪಾಸಣೆ ಮಾಡುವುದು ಅವರ ಉದ್ಯೋಗ. ಬಸ್ಸಿನಿಂದ ಇಳಿದ ಮೇಲೂ ಅದನ್ನು ನಿಲ್ಲಿಸದಿರುವುದು ಅವರ ಸ್ವಭಾವ. ಹಾಲನ್ನು ಮೂಸದೆ ಒಳಗೆ ತರರು, ನೋಟನ್ನು ಬೆಳಕಿಗೆ ಹಿಡಿಯದೆ ಜೇಬಿಗೆ ಹಾಕರು. ಟಿಕೆಟ್ ಇಲ್ಲದವನು ಇದ್ದಕ್ಕಿದ್ದಂತೆ ಕಿಟಕಿಯಾಚೆಯ ದೃಶ್ಯದಲ್ಲಿ ತಲ್ಲೀನನಾಗುತ್ತಾನೆ ಎಂಬುದು ಅವರು ಸೇವಾವಧಿಯಲ್ಲಿ ಕಂಡುಕೊಂಡ ಸತ್ಯ. ಆದ್ದರಿಂದ ಅವರ ಎದುರು ಆ ಕಟ್ಟಡದಲ್ಲಿ ಯಾರೂ ಕಿಟಕಿಯಾಚೆ ನೋಡುತ್ತಿರಲಿಲ್ಲ. ಈಗಲೂ ಅವರು ಬನಿಯನ್-ಪೈಜಾಮದಲ್ಲಿ, ಎಡಗೈಯನ್ನು ಸೊಂಟದ ಮೇಲಿಟ್ಟು, ಗದ್ದ ಎತ್ತಿ ನಿಂತಿದ್ದ ಗತ್ತನ್ನು ಕಂಡು ಮಾಲೀಕರಿಗೆ ಅರ್ಧ ಕಳ್ಳ ಸಿಕ್ಕಷ್ಟು ಸಮಾಧಾನವಾಯಿತು.

“ಸಾಹೇಬ್ರೇ, ಇದು ನಿಮ್ಮ ಕೈಲೇ ಆಗ್ಬೇಕಾದ ಕೆಲಸ,” ಎಂದರು.

ಸಾಹೇಬರು ಗಂಭೀರವಾಗಿ ತಲೆಯಾಡಿಸಿದರು. ಬೇರೇನು ಮಾಡಲು ಸಾಧ್ಯವಿತ್ತು? ಟ್ಯಾಂಕಿಗೆ ಹಾಕಿದವರು ಅವರೇ. ಸೊಂಟದ ಮೇಲಿದ್ದ ಆ ಎಡಗೈಯೂ ಗತ್ತಿಗಾಗಿ ಅಲ್ಲಿರಲಿಲ್ಲ. ಪೈಜಾಮಕ್ಕೆ ಲಾಡಿ ಇಲ್ಲದ ಕಾರಣ ಇತ್ತು.

ಇದರ ಹಿನ್ನೆಲೆಯನ್ನು ಇಲ್ಲಿ ಹೇಳಿಬಿಡುವುದು ಮೇಲು. ಆ ಬೇಸಿಗೆಯಲ್ಲಿ ಬಸ್ಸುಗಳ ಒಳಗಿನ ಕಾವಿಗೆ ಸಾಹೇಬರ ಮುಖದ ತುಂಬ ಕೆಂಪು ಗುಳ್ಳೆಗಳು ಎದ್ದಿದ್ದವು. ಕೇಳುವ ಮೊದಲೇ ಪ್ರಯಾಣಿಕರು ಟಿಕೆಟ್ ತೋರಿಸತೊಡಗಿದರು. ಇಷ್ಟು ಸಿಟ್ಟಾದ ಮುಖವನ್ನು ಅವರು ಕಂಡಿರಲಿಲ್ಲ. ಇಲಾಖೆಗೆ ಇದರಿಂದ ಲಾಭವೇ ಆದರೂ ಸಾಹೇಬರಿಗೆ ಉರಿ ತಡೆಯಲಾಗಲಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು, ಎರಡು ಬೀದಿ ಸುತ್ತಿ, ಒಂದು ಗ್ರಂಧಿಗೆ ಅಂಗಡಿಗೆ ಹೋದರು. ಬೇರು, ತೊಗಟೆ, ಒಣಗಿದ ಎಲೆಗಳ ಮೂಟೆಗಳ ನಡುವೆ ಕುಳಿತಿದ್ದ ಅಂಗಡಿಯಾತ ಅವರ ಮುಖವನ್ನು ಒಮ್ಮೆ ನೋಡಿ, ಬಾಚಣಿಗೆಯಿಂದ ತೆಗೆದ ಕೂದಲಿನಂಥ ಕಂದು ಬೇರಿನ ಒಂದು ಹಿಡಿಯನ್ನು ಮುಂದಿಟ್ಟ. ಲಾವಂಚ. ಕುಡಿಯುವ ನೀರಿನಲ್ಲಿ ಇದು ಸದಾ ನೆನೆದಿರಬೇಕು, ಮೈ ತಂಪಾಗುತ್ತದೆ. ಇದರದೇ ಪುಡಿಯನ್ನು ಕಲಸಿ ಮುಖಕ್ಕೆ ಹಚ್ಚಿದರೆ ಉರಿ ಇಳಿದು ಚರ್ಮ ತಿಳಿಯಾಗುತ್ತದೆ. ಸಾಹೇಬರು ಬೇರನ್ನು ಮೂಸಿದರು, ಜಗಿದರು, ಬೆಳಕಿಗೆ ಹಿಡಿದರು, ಎಣ್ಣೆ ಬಸಿದುಕೊಂಡು ಒಣಗಿಸಿದ ಹಳೆಯ ಬೇರು ತಾನೇ ಎಂದು ಕೇಳಿದರು. ಅಂಗಡಿಯಾತ ಪೊಟ್ಟಣ ಕಟ್ಟಿದ.

ತೊಂದರೆ ಶುರುವಾದದ್ದು ಮನೆಗೆ ಬಂದ ಮೇಲೆ. ಎರಡನೆಯ ಮಹಡಿಯ ಬ್ಯಾಂಕ್ ಗುಮಾಸ್ತರು ಮುಖಕ್ಕೆ ಕ್ರೀಮು ಹಚ್ಚುವವರು. ಅವರಿಗೆ ‘ಸ್ನೋ ರಾಯರು’ ಎಂದು ಹೆಸರಿಟ್ಟು ಇಡೀ ಕಟ್ಟಡದಲ್ಲಿ ಚಾಲ್ತಿಗೆ ತಂದವರು ಸಾಕ್ಷಾತ್ ಚೆಕಿಂಗ್ ಸಾಹೇಬರು. ಗಂಡಸಿನ ಮುಖಕ್ಕೆ ಬೇಕಾದದ್ದು ಎರಡೇ, ಒಂದು ತಣ್ಣೀರು, ಇನ್ನೊಂದು ಮರ್ಯಾದೆ ಎಂದು ಮೆಟ್ಟಿಲ ಮೇಲೆ ನಿಂತು ಸಾರಿದವರೂ ಅವರೇ. ಅಂಥವರ ಅಡುಗೆಮನೆಯ ಬಿಂದಿಗೆಯಲ್ಲಿ ಲಾವಂಚ ತೇಲುವುದು ಹೇಗೆ? ಹೆಂಡತಿ ಕಂಡರೆ ಕೇಳುತ್ತಾಳೆ, ಕೇಳಿದರೆ ಹೇಳಬೇಕು, ಹೇಳಿದ್ದು ಬಟ್ಟೆ ಒಣಗಿಸುವಾಗ ಇನ್ನೊಬ್ಬರ ಕಿವಿಗೆ ಬೀಳುತ್ತದೆ. ಪುಡಿಯನ್ನೇನೋ ಖಾಲಿ ಷೂ ಪಾಲಿಶ್ ಡಬ್ಬಿಗೆ ತುಂಬಿ ಬಚ್ಚಲಿನ ಮಾಡದಲ್ಲಿಟ್ಟರು. ಬೇರಿಗೆ ಮಾತ್ರ ಜಾಗ ಸಿಗಲಿಲ್ಲ. ಜೇಬಿನಲ್ಲಿಟ್ಟುಕೊಂಡು ಡ್ಯೂಟಿಗೆ ಹೋದ ದಿನ ಕಂಡಕ್ಟರನೊಬ್ಬ ಹಿಂದೆ ಹಿಂದೆಯೇ ಮೂಸುತ್ತ ಬಂದ.

ಆಗ ಹೊಳೆದದ್ದು ಟ್ಯಾಂಕು. ಎಲ್ಲರ ನಲ್ಲಿಗೂ ಅದೇ ನೀರು. ತಮ್ಮ ಬಿಂದಿಗೆಗೂ ಅದೇ. ಕಟ್ಟಡವೆಲ್ಲ ಊಟ ಮಾಡಿ ಮಲಗಿದ್ದ ಒಂದು ಮಧ್ಯಾಹ್ನ, ಬರಿಗಾಲಲ್ಲಿ ಕಾದ ತಾರಸಿಯ ಮೇಲೆ ಕುಣಿಯುತ್ತ ಹೋಗಿ ಮುಚ್ಚಳ ಎತ್ತಿದರು. ಬೇರನ್ನು ಕಟ್ಟಿ ಇಳಿಬಿಡಲು ದಾರ ತರುವುದು ಮರೆತಿತ್ತು. ಕಾಲು ಸುಡುತ್ತಿರುವ ಮನುಷ್ಯನಿಗೆ ದೂರದ ಆಲೋಚನೆ ಹೊಳೆಯದು. ಉಟ್ಟಿದ್ದ ಪೈಜಾಮದ ಲಾಡಿಯನ್ನೇ ಎಳೆದು, ಕಟ್ಟಿ, ಇಳಿಬಿಟ್ಟರು. ಮುಚ್ಚಳ ಮುಚ್ಚುವಾಗ ಲಾಡಿಯ ತುದಿಯೂ ಜಾರಿ ಒಳಗೆ ಹೋಯಿತು. ಹೊಸ ಲಾಡಿ ಕೊಂಡರೆ ಹಳೆಯದು ಏನಾಯಿತೆಂದು ಹೆಂಡತಿ ಕೇಳುತ್ತಾಳೆ. ಪೈಜಾಮ ಉಡುವುದನ್ನೇ ಬಿಡೋಣವೆಂದರೆ, ತಪ್ಪಿತಸ್ಥರು ಮೊದಲು ಬದಲಿಸುವುದೇ ತಮ್ಮ ರೂಢಿಯನ್ನು ಎಂಬುದನ್ನು ಸಾಹೇಬರು ಬಸ್ಸುಗಳಲ್ಲಿ ಕಂಡಿದ್ದರು. ಹೀಗಾಗಿ ಮನೆಯಲ್ಲಿದ್ದಷ್ಟು ಹೊತ್ತೂ ಎಡಗೈ ಸೊಂಟದ ಮೇಲೆ.

ಮರುದಿನವೇ ಬೇರನ್ನು ಎತ್ತಿ, ಲಾಡಿ ಬಿಚ್ಚಿಕೊಂಡು, ದಾರ ಕಟ್ಟಿ ಬಿಡಬೇಕೆಂದಿದ್ದರು. ಅಷ್ಟರಲ್ಲಿ ಬಾಗಿಲಿಗೆ ಬೀಗ ಬಿತ್ತು. ತಪಾಸಣೆ ಅವರ ತಲೆಗೇ ಬಂತು.

ತನ್ನನ್ನು ತಾನೇ ಹಿಡಿಯದಂತೆ ತನಿಖೆ ನಡೆಸುವುದು ಎಷ್ಟು ಶ್ರಮದ ಕೆಲಸವೆಂಬುದನ್ನು ಅನುಭವಿಸಿದವರೇ ಬಲ್ಲರು. ಸಾಹೇಬರು ಮನೆಮನೆಗೆ ಹೋದರು. ನೀರು ಹೇಗಿದೆ ಎಂದು ಕೇಳಿದರೆ ಜನ ಬಾಗಿಲನ್ನು ಅರ್ಧಕ್ಕೆ ಹಿಡಿದು, ನಾವು ಆ ನೀರನ್ನು ಮುಟ್ಟುವುದೇ ಇಲ್ಲ ಎನ್ನುತ್ತಿದ್ದರು. ಅವರ ಬೆನ್ನ ಹಿಂದೆ ತುಂಬಿದ ಕೊಡಗಳು ಸಾಲಾಗಿರುತ್ತಿದ್ದವು. ನಿಜವೆಂದರೆ ನೀರು ಬಹಳ ರುಚಿಯಾಗಿತ್ತು. ಎಲ್ಲರೂ ಕುಡಿಯುತ್ತಿದ್ದರು, ಪಕ್ಕದ ಮನೆಯವರು ಏಕೆ ಕುಡಿಯುತ್ತಿದ್ದಾರೆ ಎಂದು ಸಂಶಯಪಡುತ್ತಿದ್ದರು. ಸಾಹೇಬರ ಮುಖವೂ ದಿನದಿನಕ್ಕೆ ತಿಳಿಯಾಗುತ್ತ ಬಂತು. ಚಿಂತೆಯಿಂದ ಬಿಳಿಚಿಕೊಂಡಿದ್ದಾರೆ ಎಂದು ಮಾಲೀಕರು ಮರುಗಿದರು. ಸಾಹೇಬರನ್ನು ಕಾಡುತ್ತಿದ್ದ ಇನ್ನೊಂದು ಸಂಶಯವೂ ಇತ್ತು: ಷೂ ಪಾಲಿಶ್ ಡಬ್ಬಿಯ ಪುಡಿ ತಾವು ಹಚ್ಚಿದ್ದಕ್ಕಿಂತ ಬೇಗ ಕರಗುತ್ತಿತ್ತು. ಅಂಗಡಿಯಾತ ಕಡಿಮೆ ತೂಗಿದ್ದಾನೆ ಎಂದು ತೀರ್ಮಾನಿಸಿಕೊಂಡರು.

ತನಿಖೆ ಮುಂದುವರಿಯದ್ದನ್ನು ಕಂಡು ಮಾಲೀಕರು ನಗರಸಭೆಯ ಆರೋಗ್ಯ ನಿರೀಕ್ಷಕರನ್ನು ಕರೆಸಿದರು. ಅವರು ಬಂದು ನೀರನ್ನು ದೂರದಿಂದ ಮೂಸಿ, ತಾವು ಕುಡಿಯದೆ ಮಾಲೀಕರಿಗೆ ಕುಡಿಸಿ, ಅವರು ನಿಂತೇ ಇದ್ದಾರೆಂಬುದನ್ನು ಖಚಿತಪಡಿಸಿಕೊಂಡ ಮೇಲೆ ತಾರಸಿಯ ಬೀಗ ತೆಗೆಸಿದರು. ಇಡೀ ಕಟ್ಟಡ ಹಿಂದೆ ಹತ್ತಿತು. ಸಾಹೇಬರು ಒಂದು ಕೈ ಸೊಂಟದಲ್ಲಿ, ಇನ್ನೊಂದು ಕೈ ಗೋಡೆಯ ಮೇಲೆ ಇಟ್ಟು ಹತ್ತಿದರು. ನಿರೀಕ್ಷಕರು ಟ್ಯಾಂಕಿನೊಳಗೆ ಕೋಲು ಬಿಟ್ಟು ಕಲಕಿದರು. ಕೋಲಿನ ತುದಿಗೆ ಸುತ್ತಿಕೊಂಡು ಮೇಲೆ ಬಂದದ್ದನ್ನು ಕಂಡು ಮುಂದಿದ್ದವರು ಹಿಂದಿದ್ದವರ ಕಾಲು ತುಳಿದರು. ನೆನೆದು ಉಬ್ಬಿ ನೀರು ಸುರಿಸುತ್ತಿದ್ದ ಒಂದು ಕಂದು ತಲೆಗೂದಲಿನ ಗಂಟು.

ಅದರ ಕೆಳಗೆ ಇನ್ನೇನಿದೆ ಎಂದು ಸ್ನೋ ರಾಯರು ಕಣ್ಣು ಮುಚ್ಚಿಕೊಂಡೇ ಕೇಳಿದರು. ಏನೂ ಇರಲಿಲ್ಲ. ನಿರೀಕ್ಷಕರು ಕೂದಲನ್ನು ಮೂಗಿನ ಹತ್ತಿರ ತಂದು ನಕ್ಕುಬಿಟ್ಟರು.

“ಲಾವಂಚ ಕಣ್ರೀ. ಒಳ್ಳೇ ಬೇರು. ಇದರಿಂದ ಯಾರೂ ಸಾಯಲ್ಲ.”

ಸಾಹೇಬರು ನಿಟ್ಟುಸಿರು ಬಿಟ್ಟರು. ಆದರೆ ಸಂಶಯವೆಂಬುದು ಒಮ್ಮೆ ಗಾಡಿ ಹತ್ತಿ ಕುಳಿತರೆ ನಡುದಾರಿಯಲ್ಲಿ ಇಳಿಯುವುದಿಲ್ಲ. ಇವತ್ತು ಒಳ್ಳೆಯದನ್ನು ಹಾಕಿದವನು ನಾಳೆ ಏನು ಹಾಕುತ್ತಾನೆ ಎಂದರು ಮಾಲೀಕರು. ಒಳ್ಳೆಯದನ್ನು ಹಾಕುವವನು ಕದ್ದು ಯಾಕೆ ಹಾಕುತ್ತಾನೆ ಎಂದು ಸ್ನೋ ರಾಯರು ಕೇಳಿದರು. ಈ ಪ್ರಶ್ನೆಗೆ ಉತ್ತರ ಗೊತ್ತಿದ್ದ ಒಬ್ಬರೇ ಒಬ್ಬರು ಆ ಕ್ಷಣ ತಾರಸಿಯಾಚೆಯ ದೃಶ್ಯದಲ್ಲಿ ತಲ್ಲೀನರಾಗಿದ್ದರು.

ಆಗ ಮಾಲೀಕರ ಕಣ್ಣು ಬೇರಿಗೆ ಕಟ್ಟಿದ್ದ ಲಾಡಿಯ ಮೇಲೆ ಬಿತ್ತು. ಹಸಿರು ಬಟ್ಟೆ, ಹಳದಿ ಗೆರೆ. ಅವರ ಮುಖದ ಬಣ್ಣ ಬದಲಾಯಿತು. ಅದು ಅವರ ನಡುಮನೆಯ ಪರದೆಯ ಬಟ್ಟೆ.

ಎಲ್ಲರೂ ಒಟ್ಟಿಗೇ ತಿರುಗಿ ನೋಡಿದ್ದು ಟೈಲರಮ್ಮನನ್ನು. ತಾರಸಿಯ ಕೆಳಗಿನ ಒಂಟಿ ಕೋಣೆಯಲ್ಲಿ ಹೊಲಿಗೆ ಯಂತ್ರದೊಂದಿಗೆ ಬದುಕುತ್ತಿದ್ದ ಈಕೆ ಇಡೀ ಕಟ್ಟಡಕ್ಕೆ ಬಟ್ಟೆ ಹೊಲಿಯುತ್ತಿದ್ದಳು. ಲಾಡಿಯನ್ನು ಎಂದೂ ಕೊಂಡು ಹಾಕಿದವಳಲ್ಲ. ಉಳಿದ ತುಂಡುಗಳನ್ನು ಜೋಡಿಸಿ ತಾನೇ ಹೊಲಿಯುತ್ತಿದ್ದಳು. ಹೀಗಾಗಿ ಅಲ್ಲಿ ಒಬ್ಬರ ರವಿಕೆ ಇನ್ನೊಬ್ಬರ ಸೊಂಟದಲ್ಲಿತ್ತು, ಯಾರಿಗೂ ಗೊತ್ತಿರಲಿಲ್ಲ. ತಮ್ಮ ಪರದೆ ಯಾರದೋ ಸೊಂಟ ಸೇರಿದೆಯೆಂಬ ಸುದ್ದಿ ಮಾಲೀಕರಿಗೆ ಬೇರಿಗಿಂತ ದೊಡ್ಡ ಆಘಾತವಾಯಿತು.

ಟೈಲರಮ್ಮ ಲಾಡಿಯನ್ನು ಕೈಗೆ ತೆಗೆದುಕೊಂಡು ಹೊಲಿಗೆ ನೋಡಿದಳು. ಆಮೇಲೆ ತಲೆಯೆತ್ತಿ ಒಂದು ಕ್ಷಣ ಸಾಹೇಬರನ್ನು ನೋಡಿದಳು.

“ಹೊಲಿದದ್ದು ನಾನೇ. ಯಾರಿಗೆ ಅಂತ ಹೇಳಲ್ಲ,” ಎಂದಳು. “ಅಳತೆ ಕೊಟ್ಟವರ ವಿಷಯ ಇನ್ನೊಬ್ಬರ ಮುಂದೆ ಆಡಿದ್ರೆ ನಾಳೆ ನನ್ನ ಹತ್ರ ಯಾರು ಬರ್ತಾರೆ?”

ಕೇಳಿದರು, ಗದರಿದರು, ಮತ್ತೆ ಕೇಳಿದರು. ಆಕೆ ಬಾಯಿ ಬಿಡಲಿಲ್ಲ. ಹೇಳದಿದ್ದರೆ ನೀನೇ ಹಾಕಿದ್ದೆಂದು ತಿಳಿಯುತ್ತೇವೆ, ನಾಳೆ ಸಂಜೆ ಸಭೆ, ಆಗಲೂ ಹೇಳದಿದ್ದರೆ ಕೋಣೆ ಖಾಲಿ ಮಾಡು ಎಂದು ಮಾಲೀಕರು ತೀರ್ಪು ಕೊಟ್ಟರು. ಯಂತ್ರವನ್ನು ಎಲ್ಲಿಗಾದರೂ ಹೊತ್ತು ಹೋಗಬಹುದು. ಗಿರಾಕಿಗಳನ್ನು ಹೊತ್ತು ಹೋಗಲು ಬರುವುದಿಲ್ಲ. ಅದು ಆಕೆಗೂ ಗೊತ್ತಿತ್ತು, ಸಾಹೇಬರಿಗೂ ಗೊತ್ತಿತ್ತು.

ಆ ಸಂಜೆ ಸಾಹೇಬರು ಟೈಲರಮ್ಮನ ಕೋಣೆಗೆ ಹೋದರು. ಆಕೆ ನೋಡಿದ ನೋಟ ಅವರನ್ನು ನೆಮ್ಮದಿಯಾಗಿ ಕೂರಲು ಬಿಟ್ಟಿರಲಿಲ್ಲ. ಗೊತ್ತಿದ್ದೂ ಸುಮ್ಮನಿರುವವರು ಏನನ್ನೋ ಬಯಸುತ್ತಾರೆ ಎಂಬುದು ಅವರ ಅನುಭವ. ಬಾಗಿಲಲ್ಲೇ ನಿಂತು, ಸುತ್ತು ಬಳಸಿ, ಲೋಕದಲ್ಲಿ ಪರಸ್ಪರ ಸಹಾಯ ಎಷ್ಟು ಮುಖ್ಯವೆಂದು ಮಾತಾಡಿದರು. ಟೈಲರಮ್ಮ ಸೂಜಿಗೆ ದಾರ ಪೋಣಿಸುತ್ತ ಪೂರ್ತಿ ಕೇಳಿದಳು.

“ಸಾಹೇಬ್ರೇ, ಆ ಪೈಜಾಮ ತಂದುಕೊಡಿ,” ಎಂದಳು. “ಬೇರೆ ಲಾಡಿ ಹಾಕಿಕೊಡ್ತೀನಿ.”

ಪೈಜಾಮ ತಂದುಕೊಡಿ. ಅಂದರೆ ಸಾಕ್ಷ್ಯವನ್ನು ಒಪ್ಪಿಸಿ. ಎಷ್ಟು ನಯವಾಗಿ ಬಲೆ ಬೀಸಿದ್ದಾಳೆ ಈ ಹೆಂಗಸು ಎಂದುಕೊಂಡರು ಸಾಹೇಬರು. ಪೈಜಾಮಕ್ಕೆ ಏನೂ ಆಗಿಲ್ಲ, ಅದು ಅತ್ಯಂತ ಸುಸ್ಥಿತಿಯಲ್ಲಿದೆ ಎಂದು ಎಡಗೈಯಿಂದ ಅದನ್ನು ಮೇಲಕ್ಕೆಳೆದುಕೊಳ್ಳುತ್ತಲೇ ಹೇಳಿ ಕೆಳಗಿಳಿದರು. ಅರ್ಧ ಮೆಟ್ಟಿಲಿಗೆ ಬರುವಷ್ಟರಲ್ಲಿ ಹಿಂದೆ ಕೋಣೆಯೊಳಗಿಂದ ಟ್ರಂಕಿನ ಮುಚ್ಚಳ ತೆರೆದ ಸದ್ದು ಕೇಳಿಸಿತು. ಆಕೆ ಸಾಮಾನು ಕಟ್ಟುತ್ತಿದ್ದಳು.

ಬಲೆ ಬೀಸುವವರು ಟ್ರಂಕು ತುಂಬುವುದಿಲ್ಲ. ಸಾಹೇಬರು ಅಲ್ಲೇ ನಿಂತರು. ನಿಂತು, ತಮ್ಮ ಸೇವಾವಧಿಯಲ್ಲೇ ಮೊದಲ ಸಲ, ತಮ್ಮ ಅನುಮಾನವನ್ನೇ ಅನುಮಾನಿಸಿದರು. ಅದು ಅವರಿಗೆ ಸ್ವಲ್ಪವೂ ಹಿಡಿಸಲಿಲ್ಲ.

ಮರುದಿನ ಸಂಜೆ ಅಂಗಳದಲ್ಲಿ ಸಭೆ. ಮಾಲೀಕರು ಕುರ್ಚಿಯಲ್ಲಿ, ಎದುರಿನ ಸ್ಟೂಲಿನ ಮೇಲೆ ಒಣಗಿದ ಬೇರು, ಇಸ್ತ್ರಿ ಮಾಡಿದಂತೆ ಚಾಚಿದ ಲಾಡಿ. ಟೈಲರಮ್ಮ ಗೋಡೆಗೆ ಒರಗಿ ನಿಂತಿದ್ದಳು. ಕೊನೆಯ ಸಲ ಕೇಳುತ್ತಿದ್ದೇನೆ, ಇದು ಯಾರದು ಎಂದು ಮಾಲೀಕರು ಕೇಳಿದರು. ಆಕೆ ಇಲ್ಲವೆಂದು ತಲೆಯಾಡಿಸಿದಳು. ಹಾಗಿದ್ದರೆ ಎಂದು ಮಾಲೀಕರು ಶುರುಮಾಡಿದರು.

“ಬೇರು ನಂದು,” ಎಂದರು ಚೆಕಿಂಗ್ ಸಾಹೇಬರು.

ಸಾಹೇಬರು ನೆಲ ನೋಡುತ್ತ, ಗುಳ್ಳೆ, ಉರಿ, ಗ್ರಂಧಿಗೆ ಅಂಗಡಿ, ಮುಖಕ್ಕೆ ಹಚ್ಚುವ ಪುಡಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಕೊಂಡರು. ನಗೆ ಸಿಡಿಯುತ್ತದೆಂದು ಕಣ್ಣು ಮುಚ್ಚಿ ಕಾದರು. ನಗೆ ಬರಲಿಲ್ಲ. ಬಂದದ್ದು ಅದಕ್ಕಿಂತ ಕೆಟ್ಟದ್ದು. ಜನ ಅವರನ್ನು ನಂಬಲಿಲ್ಲ.

ಮಾಲೀಕರು ಮೃದುವಾಗಿ, ಸಾಹೇಬರದು ದೊಡ್ಡ ಮನಸ್ಸು, ಆದರೆ ಅಪರಾಧಿಯನ್ನು ರಕ್ಷಿಸುವುದೂ ಅಪರಾಧವೇ ಎಂದರು. ಮುಖಕ್ಕೆ ಪುಡಿ ಹಚ್ಚುವವರು ಇವರಂತೆ, ಕೇಳಿದಿರಾ ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು. ಒಬ್ಬ ಗಂಡಸು ಒಬ್ಬ ಒಂಟಿ ಹೆಂಗಸಿಗಾಗಿ ಇಲ್ಲದ ತಪ್ಪನ್ನು ಮೈಮೇಲೆ ಎಳೆದುಕೊಳ್ಳುತ್ತಾನೆಂದರೆ ಏನರ್ಥ ಎಂಬ ಪ್ರಶ್ನೆ ತುಟಿಯಿಂದ ತುಟಿಗೆ ಸದ್ದಿಲ್ಲದೆ ದಾಟಿತು. ಹಿಂದಿನ ಸಂಜೆ ಸಾಹೇಬರು ಆ ಕೋಣೆಯ ಬಾಗಿಲಲ್ಲಿ ನಿಂತಿದ್ದನ್ನು ಕಂಡವರಿದ್ದರು. ಎಲ್ಲರ ದೃಷ್ಟಿ ಮೆಲ್ಲನೆ ಸರಿದು ಸಾಹೇಬರ ಹೆಂಡತಿಯ ಮೇಲೆ ನಿಂತಿತು. ಆಕೆ ಕಟಕಟೆಗೆ ಒರಗಿ, ಕೈಕಟ್ಟಿಕೊಂಡು, ಗಂಡನನ್ನೇ ನೋಡುತ್ತಿದ್ದಳು.

“ದೇವರಾಣೆಗೂ ನಂದೇ,” ಎಂದರು ಸಾಹೇಬರು. “ಟೈಲರಮ್ಮ, ನೀವೇ ಹೇಳಿ. ನಾನೇ ಹೇಳಿ ಅಂತಿದೀನಿ.”

“ಹೌದು, ಅವರದ್ದೇ,” ಎಂದಳು ಟೈಲರಮ್ಮ.

ಇದರಿಂದ ಸ್ಥಿತಿ ಇನ್ನಷ್ಟು ಹದಗೆಟ್ಟಿತು. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆಂಬುದು ಈಗ ಖಚಿತವಾಯಿತು. ಸ್ನೋ ರಾಯರು ಮುಂದೆ ಬಂದರು. ಆ ಹೆಸರಿನ ಭಾರವನ್ನು ಅಷ್ಟು ಕಾಲ ಹೊತ್ತ ಮನುಷ್ಯ. ಅವರ ಮುಖ ಎಂದಿಗಿಂತ ಹೊಳೆಯುತ್ತಿತ್ತು. ಬಲಗೈಯನ್ನು ಸಾಹೇಬರ ಮೂಗಿನ ಕೆಳಗೆ ಚಾಚಿದರು.

“ಬಾಯಿ ಮಾತು ಬೇಡ ಸಾರ್. ಟಿಕೆಟ್ ತೋರಿಸಿ.”

ಇತ್ತು ಸಾರ್, ಕಳೆದುಹೋಯಿತು ಎಂದು ಬೇಡಿಕೊಂಡ ಎಷ್ಟೋ ಮುಖಗಳು ಸಾಹೇಬರ ಕಣ್ಣಮುಂದೆ ಬಂದು ಸಾಲಾಗಿ ನಿಂತವು. ಒಬ್ಬರನ್ನೂ ಅವರು ನಂಬಿರಲಿಲ್ಲ. ಬಲಗೈಯಿಂದ ಅಂಗಿಯ ಜೇಬು ತಡಕಿದರು; ಅದರಲ್ಲಿ ಏನಿರಲು ಸಾಧ್ಯ? ಟಿಕೆಟ್ ಇರುವವನು ಹೀಗೆ ಹುಡುಕುವುದಿಲ್ಲವೆಂದು ಅವರಿಗೇ ಅನ್ನಿಸಿತು.

“ರೀ,” ಎಂದಳು ಹೆಂಡತಿ ಮೇಲಿನಿಂದ.

ಅಂಗಳದ ತಲೆಗಳೆಲ್ಲ ಮೇಲಕ್ಕೆ ಎದ್ದವು.

“ಆ ಎಡಗೈ ತೆಗೀರಿ.”

ಸಾಹೇಬರು ಬೇಡವೆಂದು ಕಣ್ಣಲ್ಲೇ ಅಂಗಲಾಚಿದರು.

“ಸೊಂಟದ ಮೇಲಿನ ಕೈ ತೆಗೀರಿ ಅಂದೆ. ಎಷ್ಟು ದಿನ ಅಂತ ಹಿಡ್ಕೊಂಡಿರ್ತೀರಿ?”

ಸಾಹೇಬರು ಒಮ್ಮೆ ಗೋಡೆಗೆ ಒರಗಿ ನಿಂತಿದ್ದ ಟೈಲರಮ್ಮನನ್ನು ನೋಡಿದರು. ಆಮೇಲೆ ಎಡಗೈ ಎತ್ತಿದರು. ಇಲಾಖೆಯ ಶಪಥ ಸ್ವೀಕಾರದಲ್ಲಿ ಎತ್ತುವಂತೆ, ನೆಟ್ಟಗೆ, ತಲೆಯವರೆಗೆ.

ಪೈಜಾಮ ಅವಸರ ಮಾಡಲಿಲ್ಲ. ಒಂದು ಕ್ಷಣ ಯೋಚಿಸಿ, ಘನತೆಯಿಂದ ಇಳಿದು, ಪಾದಗಳ ಸುತ್ತ ಗುಡ್ಡೆಯಾಗಿ ಕುಳಿತುಕೊಂಡಿತು. ಒಳಗೆ ಇದ್ದದ್ದು ದೊಗಳೆ ಚಡ್ಡಿ. ಅದರ ಸೊಂಟದ ಲಾಡಿಯೂ ಹಸಿರು, ಅದರಲ್ಲಿಯೂ ಹಳದಿ ಗೆರೆ. ಮಾಲೀಕರು ಎದ್ದು ಬಂದು, ಸ್ಟೂಲಿನ ಮೇಲಿದ್ದ ಲಾಡಿಯನ್ನು ಹಿಡಿದು ತಾಳೆ ನೋಡಿ, ಸೋತ ದನಿಯಲ್ಲಿ, ಪೂರ್ತಿ ಒಂದು ಪರದೆ ಹೋಗಿದೆಯಲ್ಲ ಎಂದರು. ಇದಕ್ಕಿಂತ ಸ್ಪಷ್ಟವಾದ ಟಿಕೆಟ್ಟನ್ನು ಯಾವ ಕಂಡಕ್ಟರೂ ಎಂದೂ ಹರಿದುಕೊಟ್ಟಿರಲಾರ.

ನಗೆ ಬಂದದ್ದು ಆಗ. ಅದು ನೆಲಮಹಡಿಯಿಂದ ಶುರುವಾಗಿ ಮಹಡಿ ಮಹಡಿ ಹತ್ತಿ ತಾರಸಿಯವರೆಗೆ ಹೋಗಿ, ಬೀಗ ಕಂಡು ಮತ್ತೆ ಕೆಳಗಿಳಿಯಿತು. ಟೈಲರಮ್ಮ ಮಾತ್ರ ನಗಲಿಲ್ಲ. ಅಳತೆ ಕೊಟ್ಟವರನ್ನು ನೋಡಿ ನಗುವುದೂ ಆಕೆಯ ಪದ್ಧತಿಯಲ್ಲಿರಲಿಲ್ಲ. ಕೋಣೆಗೆ ಹೋಗಿ ಟ್ರಂಕು ಬಿಚ್ಚಿದಳು.

ಸಾಹೇಬರಿಗೆ ಮನೆ ಖಾಲಿ ಮಾಡಲು ಹೇಳುವ ಮಾತನ್ನು ಮಾಲೀಕರು ಎತ್ತಲಿಲ್ಲ. ಟ್ಯಾಂಕು ತೊಳೆಸಿದ ಮರುದಿನ ನಲ್ಲಿಯಲ್ಲಿ ಬರಿಯ ನೀರು ಬಂದಾಗ, ಬೇರನ್ನು ತೆಗೆಸಿದವರು ಯಾರು, ಅದರಲ್ಲಿ ಅವರಿಗೇನು ಲಾಭ ಎಂದು ಕಟ್ಟಡದಲ್ಲಿ ಹೊಸ ಸಂಶಯ ಹುಟ್ಟಿ ಅವರೇ ಇಕ್ಕಟ್ಟಿಗೆ ಸಿಕ್ಕಿದ್ದರು. ಸ್ನೋ ರಾಯರು ಸಾಹೇಬರ ಬಾಗಿಲು ತಟ್ಟಿ, ಒಳಗೆ ಬಂದು, ಬಾಗಿಲು ಹಾಕಿಕೊಂಡು, ಆ ಅಂಗಡಿ ಯಾವ ಬೀದಿಯಲ್ಲಿದೆ ಎಂದು ತಗ್ಗಿದ ದನಿಯಲ್ಲಿ ವಿಚಾರಿಸಿ ಹೋದರು. ಅವರು ಹೋದ ಮೇಲೆ ಹೆಂಡತಿ ಷೂ ಪಾಲಿಶ್ ಡಬ್ಬಿಯನ್ನು ತಂದು ಮೇಜಿನ ಮೇಲಿಟ್ಟಳು. ಅದು ಖಾಲಿಯಾಗಿತ್ತು.

“ಈ ಸಲ ಇಬ್ಬರಿಗೂ ಆಗೋಷ್ಟು ತನ್ನಿ,” ಎಂದಳು. ಸಾಹೇಬರು ಆಗ ಮೊದಲ ಬಾರಿಗೆ ಆಕೆಯ ಮುಖವನ್ನು ತಪಾಸಣೆ ಮಾಡಿದರು. ತಿಳಿಯಾಗಿತ್ತು. ಅಂಗಡಿಯಾತನ ತೂಕ ಸರಿಯಾಗಿಯೇ ಇತ್ತು.

ಸಂಜೆ ಅವರು ಪೈಜಾಮವನ್ನು ಮಡಿಚಿ ಕಂಕುಳಲ್ಲಿಟ್ಟುಕೊಂಡು ಮೇಲಿನ ಕೋಣೆಗೆ ಹೋದರು. ಏನೋ ಹೇಳಬೇಕೆಂದು ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು. ಟೈಲರಮ್ಮ ಕೈ ಚಾಚಿ ಪೈಜಾಮ ತೆಗೆದುಕೊಂಡಳು. ಚೀಲದಿಂದ ನೀಲಿ ಚೌಕುಳಿಯ ಲಾಡಿಯೊಂದನ್ನು ಆರಿಸಿ, ಪೋಣಿಸಿ, ಯಂತ್ರಕ್ಕೆ ಕೊಟ್ಟು ಕಟಕಟ ಸದ್ದು ಮಾಡಿಸಿ, ಹಿಂತಿರುಗಿಸಿದಳು.

“ಹಿಂದುಗಡೆ ಮಧ್ಯದಲ್ಲಿ ಹೊಲಿಗೆ ಹಾಕಿದೀನಿ ಸಾಹೇಬ್ರೇ. ಇನ್ನು ಎಳೆದ್ರೂ ಬರಲ್ಲ.”

ಸಾಹೇಬರು ಕೃತಜ್ಞತೆಯಿಂದ ತಲೆಬಾಗಿಸಿದರು. ನಂಬಿದೆ ಎಂದು ಬಾಯಿಬಿಟ್ಟೇ ಹೇಳಿದರು. ಮೆಟ್ಟಿಲ ತಿರುವಿಗೆ ಬಂದು, ಯಾರೂ ನೋಡುತ್ತಿಲ್ಲವೆಂಬುದನ್ನು ಖಾತ್ರಿ ಮಾಡಿಕೊಂಡು, ಲಾಡಿಯನ್ನು ಒಮ್ಮೆ ಬಲವಾಗಿ ಎಳೆದು ನೋಡಿದರು.

ಬರಲಿಲ್ಲ.